ನಿಯ್ಯತ್ ಒಂದೇ ಸಾಕೆನ್ನುವವರಿಗೆ




2023ರ ಫೆಬ್ರವರಿ 6, ಸೋಮವಾರ. ನಸುಕಿನ 4 ಗಂಟೆ 17 ನಿಮಿಷಕ್ಕೆ, ಜನರು ಗಾಢನಿದ್ರೆಯಲ್ಲಿದ್ದಾಗ, ತುರ್ಕಿಯ ದಕ್ಷಿಣ ಭಾಗವೂ ಸಿರಿಯಾದ ಉತ್ತರ ಭಾಗವೂ 7.8 ತೀವ್ರತೆಯ ಭೂಕಂಪಕ್ಕೆ ತುತ್ತಾದವು. ಸುಮಾರು ಒಂಬತ್ತು ಗಂಟೆಗಳ ಬಳಿಕ ಅಲ್ಲೇ ಸಮೀಪದಲ್ಲಿ ಇನ್ನೊಂದು ದೊಡ್ಡ ಕಂಪನವಾಯಿತು. ತುರ್ಕಿಯೊಂದರಲ್ಲೇ 53,000ಕ್ಕೂ ಅಧಿಕ ಮಂದಿ, ಸಿರಿಯಾದಲ್ಲಿ ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಬದುಕುಳಿದವರು ಕೊರೆಯುವ ಚಳಿಯಲ್ಲಿ ಬಯಲಲ್ಲೇ ರಾತ್ರಿಗಳನ್ನು ಕಳೆದರು.

ಅದೇ ವಾರದ ಜುಮಾ ನಮಾಝಿನ ಬಳಿಕ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಎದ್ದು ನಿಂತು ಮನವಿ ಮಾಡಿದವನು ನಾನೇ. ನಮ್ಮ ಸಹೋದರರು ಚಳಿಯಲ್ಲಿ ನಡುಗುತ್ತಿದ್ದಾರೆ, ಮನೆಯಲ್ಲಿರುವ ಬಟ್ಟೆ ಕಂಬಳಿಗಳನ್ನು ಮದ್ರಸಾಕ್ಕೆ ತಂದುಕೊಡಿ ಎಂದೆ. ಜನರು ತಂದುಕೊಟ್ಟರು. ಮೂರೇ ದಿನಗಳಲ್ಲಿ ಮದ್ರಸಾದ ಮೇಲಂತಸ್ತಿನ ಕೋಣೆಯಲ್ಲಿ ಇಪ್ಪತ್ಮೂರು ಗೋಣಿಚೀಲಗಳು ತುಂಬಿದವು. ಅದರಲ್ಲಿ ಸ್ವೆಟರುಗಳಿದ್ದವು, ಹಳೆಯ ಸೀರೆಗಳಿದ್ದವು, ಒಂದೇ ಕಾಲಿನ ಬೂಟುಗಳೂ ಇದ್ದವು. ನನ್ನ ತರಗತಿಯ ಒಬ್ಬ ಪುಟ್ಟ ಹುಡುಗಿ ತನ್ನ ಪೆರ್ನಾಳಿನ ಹಣ ಕೂಡಿಸಿ ಕೊಂಡ ಹೊಸ ಕಂಬಳಿಯನ್ನು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ತಂದಿದ್ದಳು.

ಇವು ತುರ್ಕಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಚೀಲಗಳ ಬಾಯಿ ಹೊಲಿದ ಮೇಲೆ. ಸರಕು ಸಾಗಣೆಯವರು ಹೇಳಿದ ಬಾಡಿಗೆ ಚೀಲಗಳೊಳಗಿನ ಬಟ್ಟೆಯ ಬೆಲೆಗಿಂತ ಅಧಿಕವಾಗಿತ್ತು. ಕಸ್ಟಮ್ಸ್ ಕಾಗದಪತ್ರಗಳಲ್ಲಿ ಪಡೆಯುವವರು ಯಾರೆಂದು ಬರೆಯಬೇಕಿತ್ತು. ಪಡೆಯುವವರು ಯಾರೂ ಇರಲಿಲ್ಲ. ಫೋನ್ ಮಾಡಿದೆವು, ಪತ್ರ ಬರೆದೆವು, ನಂತರ ಸುಮ್ಮನಾದೆವು. ಜೂನಿನಲ್ಲಿ ಮಳೆ ಹಿಡಿಯಿತು. ಕೋಣೆಯಿಂದ ಮುಗ್ಗಲು ವಾಸನೆ ಬರತೊಡಗಿತು. ಬಕ್ರೀದಿಗೆ ಮುಂಚೆ ಆ ಹುಡುಗಿ ಕೇಳಿದಳು: "ಉಸ್ತಾದ್, ನನ್ನ ಕಂಬಳಿ ಅಲ್ಲಿಗೆ ಮುಟ್ಟಿತಾ?" ನಾನು "ಇನ್‌ಶಾ ಅಲ್ಲಾಹ್ ಮಗಳೇ, ಮುಟ್ಟುತ್ತದೆ" ಎಂದೆ. ಅಲ್ಲಾಹನ ಹೆಸರಿನ ಆ ಪವಿತ್ರ ಮಾತನ್ನು ನನ್ನ ನಾಚಿಕೆಗೆ ಪರದೆಯಾಗಿ ಬಳಸಿದೆ. ಈ ಲೇಖನ ಆ ದಿನದ ಪ್ರಾಯಶ್ಚಿತ್ತವೆಂದು ತಿಳಿಯಿರಿ.

ಈ ವಿಷಯವನ್ನು ಜಮಾಅತಿನ ಸಭೆಯಲ್ಲಿ ಎತ್ತಿದಾಗ ಹಿರಿಯರೊಬ್ಬರು ನನ್ನನ್ನು ಸಮಾಧಾನಪಡಿಸಿದರು. ನಮ್ಮ ನಿಯ್ಯತ್ ಚೆನ್ನಾಗಿತ್ತಲ್ಲವೇ, ಪ್ರತಿಫಲ ಅಲ್ಲಾಹನ ಬಳಿ ಖಂಡಿತ ಸಿಗುತ್ತದೆ ಎಂದರು. ಅವರ ಮೇಲಿನ ಗೌರವಕ್ಕೆ ಕುಂದು ಬಾರದಂತೆ ಹೇಳುತ್ತೇನೆ: ಈ ಮಾತೇ ನಮ್ಮ ರೋಗ. ನಿಯ್ಯತಿನ ಹದೀಸಿನಿಂದಲೇ ಸಹೀಹ್ ಬುಖಾರಿ ಗ್ರಂಥ ಆರಂಭವಾಗುತ್ತದೆ ಎಂಬುದನ್ನು ಮದ್ರಸಾದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ಆದರೆ ಪ್ರವಾದಿಯವರು(ಸ) ಅಲ್ಲಿಗೇ ನಿಲ್ಲಿಸಲಿಲ್ಲ. ಪ್ರತಿಯೊಂದು ಕೆಲಸದಲ್ಲೂ ಇಹ್ಸಾನ್ ಇರಬೇಕು, ಅಂದರೆ ಅದನ್ನು ಅಚ್ಚುಕಟ್ಟಾಗಿ, ಉತ್ತಮ ರೀತಿಯಲ್ಲಿ ಮಾಡಬೇಕು ಎಂದು ಕಲಿಸಿದರು. ಪ್ರಾಣಿಯನ್ನು ದಿಬಹ್ ಮಾಡುವವನು ಮೊದಲು ಕತ್ತಿಯನ್ನು ಹರಿತಗೊಳಿಸಬೇಕೆಂಬ ಆದೇಶ ಸಹೀಹ್ ಮುಸ್ಲಿಮಿನ ಅದೇ ಹದೀಸಿನಲ್ಲಿದೆ. ಕೊಯ್ಯಲಿರುವ ಆಡಿನ ವಿಷಯದಲ್ಲೇ ಇಷ್ಟು ಎಚ್ಚರ ಬೇಕೆಂದಾದರೆ, ಮನೆ ಕುಸಿದು ಮಕ್ಕಳನ್ನು ಕಳೆದುಕೊಂಡ ಮನುಷ್ಯನ ವಿಷಯದಲ್ಲಿ ಮೊಂಡು ಕತ್ತಿ ಹಿಡಿದು ಹೋಗಿ, ನಿಯ್ಯತ್ ಚೆನ್ನಾಗಿತ್ತು ಎನ್ನಬಹುದೇ?

ಇದಲ್ಲದೆ, ಜನರು ನಮ್ಮ ಕೈಗಿತ್ತದ್ದು ಅಮಾನತ್. ಅಮಾನತ್ ತಲುಪಬೇಕಾದಲ್ಲಿಗೆ ತಲುಪಬೇಕು. ಅದು ದಾರಿಯಲ್ಲಿ ಹಾಳಾದರೆ ಹೊತ್ತವನ ಸದುದ್ದೇಶ ಅವನನ್ನು ವಿಚಾರಣೆಯಿಂದ ಪಾರುಮಾಡದು. ಅಲ್ ಬಕರಃ ಅಧ್ಯಾಯದ 267ನೇ ವಚನವು, ನಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾಗದಂಥ ಕೀಳು ವಸ್ತುವನ್ನು ಆರಿಸಿ ದಾನಕ್ಕಿಡುವುದನ್ನು ತಡೆದಿದೆ. ಒಂದೇ ಕಾಲಿನ ಬೂಟನ್ನು ನೆನೆಯಿರಿ.

ಇದು ನಮ್ಮ ಮೊಹಲ್ಲಾ ಒಂದರದೇ ತಪ್ಪೆಂದು ತಿಳಿಯಬೇಡಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಂಡೋನೇಷ್ಯಾದ ಆಚೆ ಪ್ರಾಂತ್ಯ ನೆಲಸಮವಾದಾಗ ಲೋಕವೆಲ್ಲ ಅಲ್ಲಿಗೆ ಔಷಧಿಗಳನ್ನು ಕಳುಹಿಸಿತು. ಇಪ್ಪತ್ತು ಲಕ್ಷದಷ್ಟು ಜನರ ಪ್ರದೇಶಕ್ಕೆ ಬಂದು ಬಿದ್ದದ್ದು ಸುಮಾರು 4,000 ಟನ್ ಔಷಧಿ! ನಂತರ ನಡೆದ ಪರಿಶೀಲನೆಯಲ್ಲಿ, ಅದರ ಹೆಚ್ಚಿನ ಪಾಲು ಆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇರಲಿಲ್ಲವೆಂದೂ, ಎಷ್ಟೋ ಪೊಟ್ಟಣಗಳ ಮೇಲಿನ ಬರಹ ಅಲ್ಲಿನವರಿಗೆ ಓದಲು ಬಾರದ ಭಾಷೆಯಲ್ಲಿತ್ತೆಂದೂ, ನೂರಾರು ಟನ್ನುಗಳನ್ನು ನಾಶಪಡಿಸಬೇಕಾಗಿದೆಯೆಂದೂ ಕಂಡುಬಂತು. ಹೆಣಗಳನ್ನು ಹೂಳಲು ಕೈ ಸಾಲದ ಊರಿನಲ್ಲಿ, ದಾನದ ಔಷಧಿಯನ್ನು ಹೂಳಲು ಕೈ ಹುಡುಕಬೇಕಾದ ಸ್ಥಿತಿಯನ್ನು ನಾವೇ ತಂದಿಟ್ಟೆವು. ಅದೇ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣಂನಲ್ಲಿ ಹಳೆ ಬಟ್ಟೆಗಳ ರಾಶಿ ರಸ್ತೆಬದಿಯಲ್ಲಿ ಬಿದ್ದಿತ್ತು. ಎಲ್ಲವನ್ನೂ ಕಳೆದುಕೊಂಡ ಮೀನುಗಾರನಿಗೂ ಮಾನವಿದೆ ಎಂಬುದು ಕೊಟ್ಟವರಿಗೆ ಮರೆತಿತ್ತು.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾದಾಗ ಕಠ್ಮಂಡುವಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಅದಕ್ಕೆ ಹಾನಿಯಾದ ಕಾರಣ ಭಾರಿ ವಿಮಾನಗಳು ಇಳಿಯದಂತೆ ತಡೆಯಬೇಕಾಯಿತು. ಇಂಥ ಇಕ್ಕಟ್ಟಿನ ದಾರಿಯಲ್ಲಿ ಯಾರೂ ಕೇಳದ ಒಂದು ಪೆಟ್ಟಿಗೆ ಮುಂದೆ ಹೋದರೆ, ಕೇಳಿದ ಒಂದು ಪೆಟ್ಟಿಗೆ ಹಿಂದೆ ಉಳಿಯುತ್ತದೆ. ನಮ್ಮ ಹಳೆ ಸ್ವೆಟರಿಗಾಗಿ ಯಾರದೋ ರಕ್ತದ ಬಾಟಲಿ ಕಾಯುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು? ನಮ್ಮ ಚರಿತ್ರೆಯಲ್ಲೇ ಮಾದರಿಯಿದೆ. ಹಿಜರಿ 18ರ ಸುಮಾರಿಗೆ ಹಿಜಾಝಿನಲ್ಲಿ ಭೀಕರ ಬರ ಬಿತ್ತು. ಗಾಳಿಯಲ್ಲಿ ಬೂದಿಯಂತೆ ಧೂಳು ಹಾರಿದ್ದರಿಂದ ಅದನ್ನು ಆಮುರ್ರಮಾದಃ, ಬೂದಿಯ ವರ್ಷ, ಎಂದು ಕರೆಯುತ್ತಾರೆ. ಖಲೀಫ ಉಮರ್(ರ) ಕೈಕಟ್ಟಿ ಕೂರಲಿಲ್ಲ. ಸಿರಿಯಾ, ಇರಾಕ್‌ಗಳ ರಾಜ್ಯಪಾಲರಿಗೆ ಪತ್ರ ಬರೆದು ಆಹಾರ ತರಿಸಿದರು. ಊಟಕ್ಕೆ ಬಂದವರನ್ನು ಎಣಿಸಿಸಿದರು, ಬರಲಾಗದ ರೋಗಿಗಳನ್ನೂ ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿದರು ಎಂದು ಚರಿತ್ರೆಕಾರರು ಬರೆಯುತ್ತಾರೆ. ಮಳೆ ಬಂದ ಬಳಿಕ ನಿರಾಶ್ರಿತರನ್ನು ಅವರವರ ನೆಲೆಗೆ ಮರಳಿ ಕಳುಹಿಸುವ ಏರ್ಪಾಡನ್ನೂ ಮಾಡಿದರು. ಇದರಲ್ಲಿ ಮೂರು ಪಾಠಗಳಿವೆ. ಏನು ಬೇಕೆಂದು ಹೇಳಿದ್ದು ಸಂಕಟದಲ್ಲಿದ್ದ ಊರು, ಕಳುಹಿಸುವ ಊರಲ್ಲ. ಹಂಚುವ ಮೊದಲು ಎಣಿಕೆ ನಡೆಯಿತು. ಕೆಲಸ ಹಸಿವು ನೀಗಿದಾಗ ಮುಗಿಯಲಿಲ್ಲ, ಜನರು ಮನೆ ಸೇರಿದಾಗ ಮುಗಿಯಿತು. ಈ ಮೂರನ್ನೂ ನಾವು ಬಿಟ್ಟಿದ್ದೇವೆ.

ಮೊದಲನೆಯದಾಗಿ, ದೂರದ ದೇಶಕ್ಕೆ ವಸ್ತು ಬೇಡ, ಹಣ ಕೊಡಿ. ಹಣಕ್ಕೆ ಗೋದಾಮು ಬೇಡ, ಮುಗ್ಗಲು ಹಿಡಿಯದು. ಇಂದು ಡೇರೆ ಬೇಕಾದವನಿಗೆ ಡೇರೆಯಾಗುತ್ತದೆ, ನಾಳೆ ಮಗುವಿನ ಹಾಲು ಬೇಕಾದವಳಿಗೆ ಹಾಲಾಗುತ್ತದೆ. ಸಮೀಪದ ಊರಿನ ಅಂಗಡಿಯಿಂದಲೇ ಕೊಂಡರೆ ಆ ಅಂಗಡಿಯವನ ಬದುಕೂ ಉಳಿಯುತ್ತದೆ. ತುರ್ಕಿಯಲ್ಲಿ 2016ರಿಂದಲೇ ಸಿರಿಯಾದ ನಿರಾಶ್ರಿತರಿಗೆ ಬ್ಯಾಂಕ್ ಕಾರ್ಡಿನ ಮೂಲಕ ತಿಂಗಳು ತಿಂಗಳೂ ನಗದು ತಲುಪಿಸುವ ಯೋಜನೆ ನಡೆದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಅದರ ಫಲಾನುಭವಿಗಳಾಗಿದ್ದರು. ತಮಗೆ ಏನು ಬೇಕೆಂಬುದನ್ನು ಆ ಬಡವರು ನಮಗಿಂತ ಚೆನ್ನಾಗಿ ಬಲ್ಲರು.

"ಹಣ ಕೊಟ್ಟರೆ ಮಧ್ಯದವರು ತಿನ್ನುತ್ತಾರೆ" ಎಂಬ ಮಾತು ತಕ್ಷಣ ಬರುತ್ತದೆ. ವಸ್ತುವನ್ನು ಕದಿಯಲಾಗದೇ? ಕಳ್ಳನಿಗೆ ಕಂಬಳಿಯೂ ಒಂದೇ, ನೋಟೂ ಒಂದೇ. ವ್ಯತ್ಯಾಸವಿರುವುದು ಲೆಕ್ಕದಲ್ಲಿ. ಬ್ಯಾಂಕಿನ ಮೂಲಕ ಹೋದ ಹಣಕ್ಕೆ ಗುರುತು ಉಳಿಯುತ್ತದೆ, ಗೋಣಿಚೀಲಕ್ಕೆ ಉಳಿಯುವುದಿಲ್ಲ. ನಮ್ಮ ಇಪ್ಪತ್ಮೂರು ಚೀಲಗಳಲ್ಲಿ ಏನೇನಿತ್ತೆಂಬ ಪಟ್ಟಿ ಇಂದಿಗೂ ಯಾರ ಬಳಿಯೂ ಇಲ್ಲ.

"ನನ್ನ ಹಣದ ಒಂದು ಪೈಸೆಯೂ ಸಂಬಳಕ್ಕೆ, ಆಫೀಸಿಗೆ ಹೋಗಕೂಡದು" ಎನ್ನುವವರೂ ಇದ್ದಾರೆ. ಇದು ಧರ್ಮನಿಷ್ಠೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಅತ್ತೌಬಃ ಅಧ್ಯಾಯದ 60ನೇ ವಚನವನ್ನು ತೆರೆದು ನೋಡಿ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರು ಮತ್ತು ದರಿದ್ರರ ನಂತರ ಮೂರನೆಯದಾಗಿ ಬರುವವರೇ ಅದನ್ನು ಸಂಗ್ರಹಿಸಿ ನಿರ್ವಹಿಸುವವರು. ಎಣಿಸುವವನು, ಲೆಕ್ಕ ಬರೆಯುವವನು, ಲಾರಿ ಓಡಿಸುವವನು ಇಲ್ಲದೆ ದಾನ ತಾನಾಗಿ ನಡೆದು ಹೋಗದೆಂದು ಕುರ್‌ಆನ್ ನಮಗಿಂತ ಮೊದಲೇ ಗುರುತಿಸಿದೆ. ನಾವು ಕೇಳಬೇಕಾದದ್ದು ಆ ಖರ್ಚು ನ್ಯಾಯವಾಗಿದೆಯೇ, ಅದರ ಲೆಕ್ಕವನ್ನು ಬಹಿರಂಗಪಡಿಸುತ್ತಾರೆಯೇ ಎಂದು.

ಕೇಳುವಾಗ ಹೆಸರಿನ ದೊಡ್ಡಸ್ತಿಕೆಗೆ ಮರುಳಾಗಬೇಡಿ. ಆ ಭೂಕಂಪದ ದಿನಗಳಲ್ಲೇ ತುರ್ಕಿಯ ರೆಡ್ ಕ್ರೆಸೆಂಟ್‌ಗೆ ಸೇರಿದ ಕಂಪನಿಯೊಂದು ಇನ್ನೊಂದು ಪರಿಹಾರ ಸಂಸ್ಥೆಗೆ ಡೇರೆಗಳನ್ನು ಮಾರಿದ ಸಂಗತಿ ಬಯಲಾಗಿ, ಆ ದೇಶದ ಜನರು ಸಿಟ್ಟಿಗೆದ್ದರು. ತಯಾರಿಕಾ ವೆಚ್ಚಕ್ಕೇ ಕೊಟ್ಟದ್ದೆಂಬ ಸಮರ್ಥನೆ ಬಂತು. ಡೇರೆಗಾಗಿ ಜನ ಚಳಿಯಲ್ಲಿ ಕಾಯುತ್ತಿದ್ದಾಗ ಆ ಸಮರ್ಥನೆ ಅನೇಕರಿಗೆ ಒಪ್ಪಿಗೆಯಾಗಲಿಲ್ಲ. ಎಲ್ಲ ಸಂಸ್ಥೆಗಳೂ ಕೆಟ್ಟವೆಂಬ ತೀರ್ಪನ್ನು ಇದರಿಂದ ತೆಗೆಯಬೇಕಿಲ್ಲ. ಪ್ರಶ್ನೆ ಕೇಳುವುದು ಅಪನಂಬಿಕೆಯ ಲಕ್ಷಣವಲ್ಲ, ದಾನಿಯ ಕರ್ತವ್ಯ ಎಂಬಷ್ಟು ಪಾಠ ಸಾಕು.

ಎರಡನೆಯದಾಗಿ, ಅನಾಹುತಕ್ಕೆ ಮೊದಲೇ ಅಲ್ಲಿ ಇದ್ದವರಿಗೆ ಕೊಡಿ. ಅವಶೇಷಗಳಡಿ ಸಿಲುಕಿದವನಿಗೆ ಮೊದಲ ಎರಡು ಮೂರು ದಿನಗಳೇ ಆಯುಷ್ಯ. ಆಗ ಕೈ ನೀಡುವವರು ನೆರೆಮನೆಯವರು ಮತ್ತು ಊರಿನ ಸ್ವಯಂಸೇವಕರು. ವಾಯವ್ಯ ಸಿರಿಯಾದಲ್ಲಿ ನಡೆದದ್ದನ್ನು ನೋಡಿ. ಆಗ ವಿಶ್ವಸಂಸ್ಥೆಯ ನೆರವಿಗೆ ಅನುಮತಿಯಿದ್ದದ್ದು ಬಾಬುಲ್ ಹವಾ ಎಂಬ ಒಂದೇ ಗಡಿದಾರಿಗೆ. ಭೂಕಂಪದ ನಂತರ ವಿಶ್ವಸಂಸ್ಥೆಯ ಮೊದಲ ಲಾರಿಗಳು ಆ ದಾರಿಯಲ್ಲಿ ದಾಟಿದ್ದು ಫೆಬ್ರವರಿ 9ರಂದು. ಆ ಪ್ರದೇಶದ ಜನರಿಗೆ ನಾವು ನೆರವಾಗಲು ವಿಫಲರಾದೆವೆಂದು ವಿಶ್ವಸಂಸ್ಥೆಯ ಪರಿಹಾರ ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್ ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಅಲ್ಲಿಯವರೆಗೆ ಕಾಂಕ್ರೀಟ್ ಎತ್ತಿ ಮಕ್ಕಳನ್ನು ಹೊರತೆಗೆದವರು ವೈಟ್ ಹೆಲ್ಮೆಟ್ಸ್ ಎಂದು ಹೆಸರಾದ ಅಲ್ಲಿನ ಸ್ವಯಂಸೇವಕರು ಮತ್ತು ಊರವರು. ಅವರ ಕೈಯಲ್ಲಿದ್ದ ಯಂತ್ರ ಮತ್ತು ಇಂಧನ ಭೂಕಂಪಕ್ಕೆ ಮುಂಚೆ ಯಾರೋ ಕೊಟ್ಟ ಹಣದಿಂದ ಬಂದವು. ಆದ್ದರಿಂದ ಸುದ್ದಿ ಬಂದ ಮೇಲೆ ಕೊಡುವುದಕ್ಕಿಂತ, ಸುದ್ದಿಯಿಲ್ಲದ ದಿನಗಳಲ್ಲಿ ವಿಪತ್ತು ನಿಧಿಗೆ ಕೊಡುವುದು ಹೆಚ್ಚು ಜೀವ ಉಳಿಸುತ್ತದೆ. ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ ಇಂಥದೊಂದು ತುರ್ತು ನಿಧಿಯನ್ನು ಇರಿಸಿಕೊಂಡಿದೆ. ವಿಪತ್ತು ಬಂದೊಡನೆ ಆಯಾ ದೇಶದ ಸಂಘಕ್ಕೆ ಅದರಿಂದ ಹಣ ಹೋಗುತ್ತದೆ.

"ನಾವೇ ಹೋಗಿ ನಮ್ಮ ಕೈಯಿಂದಲೇ ಹಂಚುತ್ತೇವೆ" ಎನ್ನುವ ಉತ್ಸಾಹಿ ಯುವಕರಿಗೆ ಒಂದು ಮಾತು. ಭಾರತವು 'ಆಪರೇಷನ್ ದೋಸ್ತ್' ಹೆಸರಿನಲ್ಲಿ ತುರ್ಕಿಗೆ ಕಳುಹಿಸಿದ್ದು ತರಬೇತಾದ ಎನ್‌ಡಿಆರ್‌ಎಫ್ ಸಿಬ್ಬಂದಿಯನ್ನು, ಶೋಧನಾ ನಾಯಿಗಳನ್ನು, ಸೇನೆಯ ಫೀಲ್ಡ್ ಆಸ್ಪತ್ರೆಯನ್ನು. ಭಾಷೆ ಬಾರದ, ಕೆಲಸ ತಿಳಿಯದ ಅತಿಥಿ ಅಂಥ ಊರಿಗೆ ಹೋದರೆ ಅವನಿಗೂ ಊಟ, ನೀರು, ಮಲಗಲು ಜಾಗ ಬೇಕು. ಅವನ ವಿಮಾನದ ಟಿಕೆಟಿನ ಹಣ ಒಂದು ಕುಟುಂಬಕ್ಕೆ ತಿಂಗಳುಗಳ ಊಟವಾಗುತ್ತಿತ್ತು. ಹಂಚುವ ಫೋಟೋ ಸಿಗುವುದಿಲ್ಲ, ನಿಜ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವವನಿಗೆ ಅರ್ಶಿನ ನೆರಳನ್ನು ವಾಗ್ದಾನ ಮಾಡಿದ ಧರ್ಮದವರಿಗೆ ಫೋಟೋ ಏತಕ್ಕೆ?

ಮೂರನೆಯದಾಗಿ, ಒಂದೇ ಸಲ ಕೊಟ್ಟು ಮರೆಯಬೇಡಿ. ಸುನಾಮಿಯಾಗಿ ಒಂದೆರಡು ವಾರಗಳಲ್ಲೇ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯು, ಆ ಕೆಲಸಕ್ಕೆ ತನಗೆ ಬೇಕಾದಷ್ಟು ಹಣ ಬಂದಿದೆ, ಇನ್ನು ಕೊಡುವುದಾದರೆ ಬೇರೆ ಸಂಕಟಗಳಿಗೆ ಬಳಸಲು ಅನುಮತಿಯೊಂದಿಗೆ ಕೊಡಿ ಎಂದು ಘೋಷಿಸಿತು. ಅಂಥ ಪ್ರಾಮಾಣಿಕತೆ ಅಪರೂಪ. ಟಿವಿಯಲ್ಲಿ ಕಂಡ ಅನಾಹುತಕ್ಕೆ ಹಣ ಹರಿಯುತ್ತದೆ, ಕಾಣದ್ದಕ್ಕೆ ಬರ. ಇತ್ತ ತುರ್ಕಿಯಲ್ಲಿ ಒಂದು ವರ್ಷ ಕಳೆದ ಮೇಲೂ ಲಕ್ಷಾಂತರ ಮಂದಿ ಕಂಟೇನರ್ ಮನೆಗಳಲ್ಲೇ ಇದ್ದರು. ಆಗ ನಮ್ಮಲ್ಲಿ ಅವರ ಹೆಸರೆತ್ತುವವರಿರಲಿಲ್ಲ. ಆದ್ದರಿಂದ ಕೊಡಬೇಕೆಂದುಕೊಂಡ ಮೊತ್ತವನ್ನು ಮೂರು ಪಾಲು ಮಾಡಿ. ಒಂದನ್ನು ಮೊದಲ ವಾರ, ಇನ್ನೊಂದನ್ನು ಆರು ತಿಂಗಳ ನಂತರ, ಮತ್ತೊಂದನ್ನು ವರ್ಷ ತುಂಬಿದಾಗ ಕೊಡಿ. 'ಇದನ್ನು ಅಕ್ಕಿಗೆ ಮಾತ್ರ ಬಳಸಿ' ಎಂಬ ಕಟ್ಟುಪಾಡು ಹಾಕದೆ ಕೊಡಿ.

ಇನ್ನು ಕಾನೂನಿನ ವಿಷಯ. ಗುಟ್ಟಾಗಿ ಬೇಗ ತಲುಪುತ್ತದೆಂದು ಹವಾಲಾ ದಾರಿ ಹಿಡಿಯುವವರು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯನ್ನು ಮುರಿಯುತ್ತಾರೆ, ತಮ್ಮೊಂದಿಗೆ ಇಡೀ ಜಮಾಅತನ್ನು ಸಂಶಯಕ್ಕೆ ಗುರಿಮಾಡುತ್ತಾರೆ. ಬ್ಯಾಂಕಿನ ದಾರಿ ತೆರೆದೇ ಇದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತದ ನಿವಾಸಿಯೊಬ್ಬನು ಪ್ಯಾನ್ ಸಂಖ್ಯೆ ಕೊಟ್ಟು ವರ್ಷಕ್ಕೆ 2,50,000 ಡಾಲರ್‌ಗಳ ಮಿತಿಯೊಳಗೆ ವಿದೇಶಕ್ಕೆ ದೇಣಿಗೆ ಕಳುಹಿಸಬಹುದು. ನಮ್ಮಂಥವರಿಗೆ ಆ ಮಿತಿ ಆಕಾಶದಷ್ಟು. ಆದರೆ ಮಸೀದಿ ಅಥವಾ ಮದ್ರಸಾ ಟ್ರಸ್ಟಿನ ಹಣ ಬೇರೆ. ಟ್ರಸ್ಟಿಗೆ ತೆರಿಗೆ ವಿನಾಯಿತಿ ಸಿಗುವುದು ಸಾಮಾನ್ಯವಾಗಿ ಭಾರತದೊಳಗೆ ಮಾಡಿದ ಖರ್ಚಿಗೆ. ಆದ್ದರಿಂದ ಆಡಿಟರನ್ನು ಕೇಳದೆ ಅಧ್ಯಕ್ಷರು ಸಹಿ ಹಾಕಬಾರದು. ಗಲ್ಫಿನಲ್ಲಿರುವ ನಮ್ಮ ಮಕ್ಕಳೂ ತಿಳಿದಿರಲಿ: ಯುಎಇಯಲ್ಲಿ ಪರವಾನಗಿ ಇಲ್ಲದೆ ವಾಟ್ಸಾಪ್ ಗುಂಪಿನಲ್ಲಿ ಚಂದಾ ಎತ್ತುವುದು ಅಪರಾಧ. ಅಲ್ಲಿ ಎಮಿರೇಟ್ಸ್ ರೆಡ್ ಕ್ರೆಸೆಂಟ್, ಸೌದಿಯಲ್ಲಿ ಕೆಎಸ್‌ರಿಲೀಫ್‌ನ ಸಾಹೆಮ್ ವೇದಿಕೆಯಂಥ ಅಧಿಕೃತ ದಾರಿಗಳಿವೆ.

ಝಕಾತನ್ನು ಹೊರದೇಶಕ್ಕೆ ಕಳುಹಿಸಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್ಸ್‌ಹಬಿನ ಪ್ರಬಲ ಅಭಿಪ್ರಾಯದಂತೆ, ಊರಿನಲ್ಲಿ ಹಕ್ಕುದಾರರಿರುವಾಗ ಝಕಾತನ್ನು ಹೊರಗೆ ಸಾಗಿಸಬಾರದು. ಹನಫಿ ಮದ್ಸ್‌ಹಬಿನಲ್ಲಿ ಸಾಗಿಸುವುದು ಮಕ್ರೂಹ್, ಆದರೆ ಅಲ್ಲಿ ಹೆಚ್ಚು ಅಗತ್ಯವಿರುವವರಿದ್ದರೆ ಅವಕಾಶವಿದೆ. ನಿಮ್ಮ ಊರಿನ ಖಾಝಿಯವರನ್ನು ಕೇಳಿ ಮುಂದುವರಿಯಿರಿ. ಕಳುಹಿಸುವುದಾದರೆ ಇದು ಝಕಾತ್ ಎಂದು ಸಂಸ್ಥೆಗೆ ಸ್ಪಷ್ಟವಾಗಿ ತಿಳಿಸಿ. ಬಡವನ ಕೈಗೆ ಒಡೆತನ ಹಸ್ತಾಂತರವಾಗಬೇಕೆಂಬ ನಿಯಮ ನಗದು ಕೊಟ್ಟಾಗ ಅತ್ಯಂತ ಸ್ಪಷ್ಟವಾಗಿ ಈಡೇರುತ್ತದೆ. ಸದಕಾ ವಿಷಯದಲ್ಲಿ ಈ ಯಾವ ಕಟ್ಟೂ ಇಲ್ಲ. ಅದನ್ನು ಎಷ್ಟು ದೂರಕ್ಕೂ ಕಳುಹಿಸಬಹುದು, ಮುಸ್ಲಿಮೇತರನಿಗೂ ಕೊಡಬಹುದು. ನೇಪಾಳದ ಬೆಟ್ಟದ ಮೇಲಿನ ಮುದುಕಿಯ ಧರ್ಮ ಯಾವುದೆಂದು ಸದಕಾ ಕೇಳುವುದಿಲ್ಲ.

"ನೆರೆಮನೆಯವನು ಹಸಿದಿರುವಾಗ ಹೊರದೇಶದ ಮಾತೇಕೆ?" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ನೆರೆಯವನಿಗೆ ಮೊದಲ ಹಕ್ಕು, ಸಂಶಯವಿಲ್ಲ. ಆದರೆ ಈ ಮಾತನ್ನಾಡುವವರಲ್ಲಿ ಎಷ್ಟು ಮಂದಿ ನೆರೆಯವನಿಗೂ ಕೊಟ್ಟಿದ್ದಾರೆಂದು ತಮ್ಮನ್ನೇ ಕೇಳಿಕೊಳ್ಳಲಿ.

2025ರ ಮಾರ್ಚ್ 28ರಂದು, ರಮಝಾನಿನ ಕೊನೆಯ ಶುಕ್ರವಾರ ಜುಮಾ ಹೊತ್ತಿನಲ್ಲಿ, ಮ್ಯಾನ್ಮಾರಿನ ಮಾಂಡಲೆ ಮತ್ತು ಸಗಾಯಿಂಗ್ ಪ್ರದೇಶದಲ್ಲಿ 7.7 ತೀವ್ರತೆಯ ಭೂಕಂಪವಾಯಿತು. ಉಪವಾಸಿಗರ ಮೇಲೆ ಮಸೀದಿಗಳೇ ಕುಸಿದವು. ಅಂದು ಸಂಜೆ ಇಫ್ತಾರಿನ ಬಳಿಕ ನಮ್ಮ ಗುಂಪಿನಲ್ಲಿ ಹಳೆ ಬಟ್ಟೆ ತನ್ನಿ ಎಂಬ ಸಂದೇಶ ಬಂತು. ಈ ಬಾರಿ ನಾನು ತಡೆದೆ. ಕೆಲವರಿಗೆ ಬೇಸರವಾಯಿತು. ಹಣವಾಗಿ ಕೊಡಿ, ಕೊಡುವವರು ತಮ್ಮ ತಮ್ಮ ಬ್ಯಾಂಕಿನ ಮೂಲಕ ಕೊಡಿ, ಅರ್ಧವನ್ನು ಬಕ್ರೀದಿನ ನಂತರಕ್ಕೆ ಇರಿಸಿಕೊಳ್ಳಿ ಎಂದೆ. ಸೇರಿದ ಮೊತ್ತ ಚಿಕ್ಕದು. ಆದರೆ ಪ್ರತಿಯೊಬ್ಬನ ಕೈಯಲ್ಲೂ ರಶೀದಿಯಿತ್ತು.

ಆ ಹುಡುಗಿಗೆ ನಾನು ಸತ್ಯ ಹೇಳಿದೆ. ನಿನ್ನ ಕಂಬಳಿ ತುರ್ಕಿಗೆ ಹೋಗಲಿಲ್ಲ, ತಪ್ಪು ನಮ್ಮದು, ಹಾಳಾಗದೆ ಉಳಿದ ಕೆಲವನ್ನು ಇಲ್ಲಿನ ವೃದ್ಧರಿಗೆ ಕೊಟ್ಟೆವು, ಅದರಲ್ಲಿ ನಿನ್ನದೂ ಇತ್ತು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಮೊದಲೇ ಹೇಳಿದ್ದರೆ ಅಂಗಡಿಯವನಿಗೆ ವಾಪಸ್ ಕೊಟ್ಟು ಹಣವನ್ನೇ ತರುತ್ತಿದ್ದೆ" ಎಂದಳು. ಇಷ್ಟು ದಿನ ನಾವು ದೊಡ್ಡವರಿಗೆ ಹೊಳೆಯದ ಮಾತು ಅದು.

ಕೊಡುವ ಮನಸ್ಸನ್ನು ಅಲ್ಲಾಹನು ನಮಗೆ ಧಾರಾಳವಾಗಿ ಕೊಟ್ಟಿದ್ದಾನೆ. ಕೊಡುವ ವಿವೇಕವನ್ನೂ ಕರುಣಿಸಲಿ. ನಮ್ಮ ಕೈಯಲ್ಲಿ ಕೊಳೆತುಹೋದ ಅಮಾನತುಗಳನ್ನು ಕ್ಷಮಿಸಲಿ. ಆಮೀನ್.